ಕೊನೆಯ ಬೆಂಚಿನ ಸೈಮಿ

ಎಯ್ನಾರಿ ಮೂರನೆಯ ಕೊರಡನ್ನು ಸೀಳಿ ನಾಲ್ಕನೆಯದನ್ನು ದಿಮ್ಮಿಯ ಮೇಲೆ ನಿಲ್ಲಿಸುತ್ತಿದ್ದಾಗ ಮಗಳು ಉಲ್ಲಾ ಮೆಟ್ಟಿಲ ಮೇಲೆ ಕಾಣಿಸಿಕೊಂಡಳು. ಒಂದು ಕಾಲಿಗೆ ಬೂಟು ಹಾಕಿದ್ದಳು, ಇನ್ನೊಂದು ಕೈಯಲ್ಲಿತ್ತು.

“ಅಪ್ಪಾ! ಹೆಣ ಮಣ್ಣು ಮಾಡೋ ದಿನ ಯಾರಾದ್ರೂ ಸೌದೆ ಒಡೀತಾರಾ? ಅದೂ ಕರೀ ಸೂಟ್ ಹಾಕ್ಕೊಂಡು!”

“ಒಲೆಗೆ ಬೇಕಲ್ಲ.”

“ಮುಂದಿನ ಚಳಿಗಾಲಕ್ಕೂ ಆಗೋವಷ್ಟು ಪೇರಿಸಿಟ್ಟಿದೀಯ. ಕೊಡಲಿ ಕೆಳಗಿಡು. ಎಂಬತ್ತಾರು ವರ್ಷ ನಿಂಗೆ. ಇವತ್ತೇ ಇನ್ನೊಂದು ಪೆಟ್ಟಿಗೆ ಹೊರಿಸ್ಬೇಡ ನಮ್ಮ ಕೈಲಿ.”

ಅವನು ಕೊಡಲಿಯನ್ನು ದಿಮ್ಮಿಗೆ ಕಚ್ಚಿಸಿ ಒಳಗೆ ಬಂದ. ಹೆಂಡತಿ ಸೈಮಿ ಸತ್ತು ಹದಿನೇಳು ದಿನವಾಗಿತ್ತು. ನಮ್ಮ ಹೌಕಿಯೋಯಾ ಊರಿನಲ್ಲಿ ಹೂಳುವುದಕ್ಕೆ ಯಾರೂ ಅವಸರ ಮಾಡುವುದಿಲ್ಲ. ಮಾರ್ಚ್ ತಿಂಗಳ ನೆಲ ಕಲ್ಲಾಗಿರುತ್ತದೆ, ನೆಂಟರು ದೂರದಿಂದ ಬರಬೇಕು, ಸತ್ತವರಿಗಂತೂ ಯಾವ ಅವಸರವೂ ಇಲ್ಲ. ಆ ಹದಿನೇಳು ದಿನ ಎಯ್ನಾರಿ ಒಂದು ಕಡೆ ಕೂತವನಲ್ಲ. ಹಿಮ ಗುಡಿಸಿದ್ದನ್ನೇ ಗುಡಿಸಿದ. ಹಸುಗಳಿಲ್ಲದೆ ಇಪ್ಪತ್ತು ವರ್ಷವಾದ ಕೊಟ್ಟಿಗೆಯ ಬಾಗಿಲಿಗೆ ಎಣ್ಣೆ ಹಾಕಿದ. ಹೊಟ್ಟೆಗೆ ಕಾಫಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಬಿಳಿ ಹೂವಿನ ಗುಚ್ಛವೂ ಅದರ ಜತೆಗೆ ಒಂದು ಕಾರ್ಡೂ ಇತ್ತು. ಚರ್ಚಿನಲ್ಲಿ ಶವಪೆಟ್ಟಿಗೆಯ ಬಳಿಗೆ ಒಬ್ಬೊಬ್ಬರೇ ಹೋಗಿ ಹೂವಿಟ್ಟು, ಕಾರ್ಡಿನಲ್ಲಿ ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಗಂಡನ ಸರದಿ ಮೊದಲು.

“ಕೀರ್ತನೆಯಿಂದ ಮೂರೇ ಸಾಲು ಬರ್ದಿದೀನಿ,” ಎಂದಳು ಉಲ್ಲಾ. “ಕನ್ನಡಕ ಜೇಬಲ್ಲಿದೆ ತಾನೆ?”

“ಬೇರೆ ಏನಾದ್ರೂ ಹೇಳ್ಬೋದಾ?”

“ಏನು?”

“ಏನಾದ್ರೂ. ನನ್ನ ಮಾತಲ್ಲಿ.”

ಉಲ್ಲಾ ಎರಡನೆಯ ಬೂಟಿನ ಜಿಪ್ ಎಳೆಯುವುದನ್ನು ಅರ್ಧಕ್ಕೆ ನಿಲ್ಲಿಸಿದಳು. ಅವಳು ಔಲು ನಗರದಲ್ಲಿ ನರ್ಸು. ಹತ್ತೊಂಬತ್ತಕ್ಕೇ ನಮ್ಮ ಪಂಗಡದ ನಂಬಿಕೆ ಬಿಟ್ಟು ಹೋದವಳು, ನಮ್ಮಲ್ಲಿ ಯಾರೂ ತೊಡಬಾರದ ಓಲೆಯನ್ನು ಕಿವಿಯಲ್ಲಿ ತೊಡುತ್ತಾಳೆ. “ನೋಡಪ್ಪಾ, ನಲವತ್ತಾರು ವರ್ಷ ನೀನು ಸಹಿಸ್ಕೊಂಡಿದ್ದು ಊರಿಗೇ ಗೊತ್ತು. ಅದನ್ನ ಅಲ್ಲಿ ಎತ್ಬೇಡ. ಅಮ್ಮ ನಿಂಗೆ ಹೇಳದೆ ಮಾಡಿದ್ದು ತಪ್ಪೇ. ಆದ್ರೂ ಇವತ್ತೊಂದು ದಿನ ಅವಳಿಗೂ ಮರ್ಯಾದೆ ಬೇಕು.”

ಎಯ್ನಾರಿ ಕಾರ್ಡನ್ನು ಕೈಗೆತ್ತಿಕೊಂಡ. ಇವಳಿಗೆ ಈಗಲೇ ಹೇಳಿಬಿಡಲೇ ಎಂದುಕೊಂಡ. ಆದರೆ ಹಿಂದೆ ಸುಳ್ಳು ಹೇಳಿದ್ದು ಎಲ್ಲರೆದುರು. ನಿಜವನ್ನು ಅಡುಗೆಮನೆಯ ಮೂಲೆಯಲ್ಲಿ ಹೇಳಿ ಮುಗಿಸಿದರೆ ಅದು ಇನ್ನೊಂದು ಕಳ್ಳತನವಾಗುತ್ತದೆ ಎನ್ನಿಸಿತು. ಪೆಟ್ಟಿಗೆ ಮಣ್ಣಿಗಿಳಿಯುವ ಮೊದಲು, ಅವಳು ಇರುವ ಕಡೆ, ಅವಳ ಮುಂದೆ ಹೇಳಬೇಕು. ಇವತ್ತು ಬಿಟ್ಟರೆ ಇಲ್ಲ.

“ಕನ್ನಡಕ ಇದೆ,” ಎಂದ.

*

ಐದನೆಯ ಹೆರಿಗೆಯಲ್ಲಿ ಸೈಮಿಯ ರಕ್ತ ನಿಲ್ಲಲಿಲ್ಲ. ಮಗು ಉಳಿಯಿತು, ಅವಳೂ ಹೇಗೋ ಉಳಿದಳು. ಔಲುವಿನ ಡಾಕ್ಟರು ಗಂಡಹೆಂಡಿರನ್ನು ಜೊತೆಯಲ್ಲೇ ಕೂರಿಸಿ ಮಾತಾಡಿದರು. ಇನ್ನೊಂದಾದರೆ ಐದು ಮಕ್ಕಳೂ ತಬ್ಬಲಿಗಳಾಗುತ್ತವೆ ಎಂದರು. ಒಂದು ಆಪರೇಷನ್ನು ಇದೆ, ಇಬ್ಬರ ಸಹಿ ಬೇಕು ಎಂದರು. ಸೈಮಿ ಕಾಗದವನ್ನು ನೋಡುತ್ತಾ ಕೂತಳು. ಎಯ್ನಾರಿಯೇ ಡಾಕ್ಟರ ಪೆನ್ನು ತೆಗೆದುಕೊಂಡು ಮೊದಲು ಸಹಿ ಮಾಡಿದ. ನಮ್ಮ ಜನರಲ್ಲಿ ದೇವರು ಕೊಟ್ಟಷ್ಟು ಮಕ್ಕಳನ್ನು ಹೆರಬೇಕು, ಬೇಡವೆನ್ನುವುದು ಪಾಪ. ಇಬ್ಬರಿಗೂ ಅದು ಗೊತ್ತಿತ್ತು. ಊರಿಗೆ ಬರುವ ಬಸ್ಸಿನಲ್ಲಿ ಅವನು ಅವಳ ಕೈ ಹಿಡಿದುಕೊಂಡೇ ಕೂತಿದ್ದ. “ನೀನಿರೋದು ಮುಖ್ಯ,” ಎಂದಿದ್ದ. ಆ ಮಾತು ಸುಳ್ಳಾಗಿರಲಿಲ್ಲ.

ಆಮೇಲೆ ಆರು ವರ್ಷ ಆ ಮನೆಯ ತೊಟ್ಟಿಲು ಅಲುಗಲಿಲ್ಲ. ಊರಿನ ಹೆಂಗಸರು ಬೆರಳು ಮಡಿಸಿ ಲೆಕ್ಕ ಹಾಕಿದರು. ಎಪ್ಪತ್ತೇಳರ ಚಳಿಗಾಲ ಬಂತು. ನಮ್ಮ ಪಂಗಡದ ಪ್ರಾರ್ಥನಾ ಮನೆಯಲ್ಲಿ ತಪ್ಪು ವಿಚಾರಿಸುವ ಸಭೆಗಳು ಶುರುವಾದವು. ಇವತ್ತು ಬೀರುವಿನಲ್ಲಿ ಟಿ.ವಿ. ಬಚ್ಚಿಟ್ಟವನ ಸರದಿ, ನಾಳೆ ಮಗಳ ಕೂದಲು ಕತ್ತರಿಸಿದವಳ ಸರದಿ. ಮುಂದೆ ಒಂದು ಕುರ್ಚಿ ಹಾಕುತ್ತಿದ್ದರು. ಕೂತವರು ಅಳುವ ತನಕ ಕೇಳುತ್ತಿದ್ದರು. ಅದಕ್ಕೆ ಆರೈಕೆ ಎಂದು ಹೆಸರಿಟ್ಟಿದ್ದರು. ಹೆಸರಿಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಸೈಮಿ ಆ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತಳು. ಅಳಲಿಲ್ಲ. ಆಪರೇಷನ್ನು ಆಯಿತು ಎಂದಳು, ಸಾಯಬಾರದು ಅಂತ ಮಾಡಿಸಿಕೊಂಡೆ ಎಂದಳು. ಪಾಪ ಎಂದು ಒಪ್ಪಿಕೊಂಡು ಕ್ಷಮೆ ಬೇಡು ಎಂದರೆ ಬಾಯಿ ಬಿಡಲಿಲ್ಲ. ಆಗ ಬೋಧಕ ತೌನೋ ಬೆಂಚುಗಳ ಕಡೆ ತಿರುಗಿದ. ಆಗ ಅವನಿಗೆ ನಲವತ್ತನಾಲ್ಕು, ಕಂಚಿನ ಕಂಠ.

“ಎಯ್ನಾರಿ, ಎದ್ದು ನಿಂತ್ಕೋ. ಇದು ನಿಂಗೆ ಗೊತ್ತಿತ್ತಾ?”

ಎಯ್ನಾರಿ ಎದ್ದು ನಿಂತ. ಇನ್ನೂರು ಜನ ನೋಡುತ್ತಿದ್ದರು. ಸೈಮಿ ಕುರ್ಚಿಯಲ್ಲಿ ಅರ್ಧ ತಿರುಗಿ ಅವನನ್ನೇ ನೋಡಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಸದ್ಯ, ಇವನು ಎದ್ದ, ಎನ್ನುವ ನೆಮ್ಮದಿ ಇತ್ತು.

“ಇಲ್ಲ,” ಎಂದ ಎಯ್ನಾರಿ. “ನಂಗೆ ಗೊತ್ತಿರ್ಲಿಲ್ಲ.”

ಅವಳು ಒಂದು ಮಾತಾಡಿದ್ದರೆ ಸಾಕಿತ್ತು. ಕಾಗದ ಆಸ್ಪತ್ರೆಯಲ್ಲಿತ್ತು. ಅವಳು ಮುಂದಕ್ಕೆ ತಿರುಗಿದಳು, ಮಡಿಲಿನ ಮೇಲಿನ ಲಂಗವನ್ನು ಸರಿಮಾಡಿಕೊಂಡಳು. ಆ ಸಂಜೆ ಅವಳನ್ನು ಪಾಪದಲ್ಲಿ ಬಂಧಿಸಿದರು. ಎಂದರೆ ಅವಳು ಹೊರಗಿನವಳಾದಳು.

ಮನೆಯ ದಾರಿಯಲ್ಲಿ ಅವನು ಅವಳಿಗಿಂತ ಎರಡು ಹೆಜ್ಜೆ ಹಿಂದೆ ನಡೆದ. ಗೇಟಿನ ಹತ್ತಿರ ಸೈಮಿಯೇ ಮಾತಾಡಿದಳು.

“ಇಬ್ರೂ ಹೊರಗಾದ್ರೆ ಮಕ್ಳ ಜತೆ ಶಾಲೇಲಿ ಯಾರೂ ಆಡಲ್ಲ. ಒಬ್ರಾದ್ರೂ ಒಳಗಿರ್ಲಿ. ನಡಿ, ಹಾಲು ಕರೆಯೋ ಹೊತ್ತಾಯ್ತು.”

*

ಚರ್ಚಿನ ಅಂಗಳದಲ್ಲಿ ಕಾರುಗಳು ಆಗಲೇ ತುಂಬಿದ್ದವು. ಬಿಸಿಲು ಬಂದು ಹಿಮ ಮೇಲೆ ಮೇಲೆ ಕರಗಿ, ಕೆಳಗೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಬಾಗಿಲ ಬಳಿ ಲೈನಾ ನಿಂತಿದ್ದಳು. ಸೈಮಿಯ ಬಾಲ್ಯದ ಗೆಳತಿ, ಬೆನ್ನು ಗೂನಾಗಿ ಈಗ ಎಲ್ಲರನ್ನೂ ಕೆಳಗಿನಿಂದಲೇ ನೋಡುತ್ತಾಳೆ.

“ದೇವರ ಶಾಂತಿ, ಎಯ್ನಾರಿ.”

“ದೇವರ ಶಾಂತಿ.”

ನಮ್ಮಲ್ಲಿ ಒಳಗಿನವರು ಒಳಗಿನವರಿಗೆ ಹೇಳುವುದು ಹೀಗೆ. ಹೊರಗಿನವರಿಗೆ ಬರೀ ನಮಸ್ಕಾರ. ನಲವತ್ತಾರು ವರ್ಷ ಒಂದೇ ಬಾಗಿಲಲ್ಲಿ ಗಂಡಹೆಂಡತಿ ಜೊತೆಯಾಗಿ ಬಂದರೂ ಅವನಿಗೆ ಶಾಂತಿ ಸಿಗುತ್ತಿತ್ತು, ಅವಳಿಗೆ ನಮಸ್ಕಾರ. ಸೈಮಿ ಪ್ರತಿ ಭಾನುವಾರ ಪ್ರಾರ್ಥನಾ ಮನೆಗೆ ಹೋಗಿ ಕೊನೆಯ ಬೆಂಚಿನಲ್ಲಿ, ಕೋಟುಗಳನ್ನು ನೇತುಹಾಕುವ ಗೂಟಗಳ ಕೆಳಗೆ ಕೂರುತ್ತಿದ್ದಳು. ಬೋಧನೆ ಮುಗಿದ ಮೇಲೆ ಜನ ಅವಳ ತಲೆಯ ಮೇಲಿಂದ ಕೈಚಾಚಿ ತಮ್ಮ ಕೋಟು ತೆಗೆದುಕೊಳ್ಳುತ್ತಿದ್ದರು. ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳಾದ್ದರಿಂದ ಊರಿನ ಮೂರು ತಲೆಮಾರಿಗೆ ಅವಳ ಗಂಜಿ, ಬಟಾಣಿ ಸೂಪಿನ ರುಚಿ ಗೊತ್ತು. ಪ್ರಾರ್ಥನಾ ಮನೆಯ ಕಾಫಿಗೆ ಅವಳು ಏಲಕ್ಕಿ ಬನ್ನು ಮಾಡಿ ಕಳಿಸಿದರೆ ಬುಟ್ಟಿ ಖಾಲಿಯಾಗಿಯೇ ವಾಪಸು ಬರುತ್ತಿತ್ತು. ಬಹಿಷ್ಕಾರ ಹಾಕಿದ್ದು ಸೈಮಿಗೆ, ಬನ್ನಿಗಲ್ಲ.

“ನಿನ್ನಂಥ ಗಂಡ ಯಾರಿಗೆ ಸಿಕ್ತಾನೆ ಹೇಳು,” ಎಂದಳು ಲೈನಾ. “ಬೇರೆಯವನಾಗಿದ್ರೆ ಆವತ್ತೇ ಬಿಟ್ಟು ಹೋಗ್ತಿದ್ದ. ನೀನು ಬಾಳಿಸ್ದೆ. ಪರಲೋಕದಲ್ಲಿ ನಿಂಗೆ ದೊಡ್ಡ ಕಿರೀಟ ಕಾದಿದೆ.”

“ಲೈನಾ, ಸುಮ್ನಿರು.”

“ನಾಚ್ಕೊಳೋದು ನೋಡು! ಇದ್ದಿದ್ದನ್ನೇ ಅಲ್ವಾ ಹೇಳ್ತಿರೋದು?”

ತೊಂಬತ್ತಾದ ತೌನೋ ಊರಿಕೊಂಡು ನಡೆಯುವ ಗಾಲಿ ಚೌಕಟ್ಟನ್ನು ನೂಕುತ್ತಾ ಬಂದ. ಕಂಠದ ಕಂಚು ಹೋಗಿದ್ದರೂ ಗತ್ತು ಹೋಗಿರಲಿಲ್ಲ. “ದೇವರ ಶಾಂತಿ, ತಮ್ಮಾ. ಹೆಣ್ಣು ಪಾದ್ರಿ ಕೈಲಿ ಮಣ್ಣು ಮಾಡಿಸ್ತಿದೀರಂತೆ?”

“ಸೈಮಿ ಕೇಳಿದ್ಲು.”

“ಅವಳು ಕೇಳ್ತಾಳೆ ಬಿಡು. ಹೋಗ್ಲಿ, ಹೊರೆ ಇಳೀತು ನಿಂಗೆ. ನಮ್ಮ ಹುಡುಗ್ರಿಗೆಲ್ಲ ನಿನ್ನನ್ನೇ ತೋರಿಸಿ ಹೇಳ್ತಿರ್ತೀನಿ, ತಾಳ್ಮೆ ಅಂದ್ರೆ ಇದು ಅಂತ.”

ಎಯ್ನಾರಿಗೆ ಆ ಚೌಕಟ್ಟನ್ನು ಒದೆಯಬೇಕೆನ್ನಿಸಿತು. ಒದೆಯಲಿಲ್ಲ. ಕಾಲು ಬದಲಿಸಿ ನಿಂತ, ಹೂವನ್ನು ಎಡಗೈಯಿಂದ ಬಲಗೈಗೆ ತೆಗೆದುಕೊಂಡ, ಮತ್ತೆ ಎಡಗೈಗೆ. ಹೊಗಳಿಕೆ ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡ ಬಿಸಿತುಪ್ಪವಾಗಿತ್ತು. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

*

ಕ್ಷಮೆ ಕೇಳುವುದು ನಮ್ಮಲ್ಲಿ ಕಷ್ಟದ ಕೆಲಸವೇನಲ್ಲ. ಹಾಲಿನ ಕ್ಯಾನು ಇಳಿಸುವಾಗ, ಅಂಗಡಿಯ ಸಾಲಿನಲ್ಲಿ, ಎಲ್ಲಿ ಬೇಕಾದರೂ ಒಬ್ಬ ವಿಶ್ವಾಸಿಯ ಕೈ ಹಿಡಿದು “ನಂಬಲಾ?” ಎಂದು ಕೇಳಬಹುದು. ಅವನು “ನಂಬು, ಯೇಸುವಿನ ಹೆಸರಲ್ಲಿ ಎಲ್ಲ ಕ್ಷಮಿಸಲ್ಪಟ್ಟಿದೆ” ಎಂದರೆ ಮುಗಿಯಿತು. ಆದರೆ ಹೇಳುವ ಬಾಯಿ ಒಳಗಿನವರದ್ದಾಗಿರಬೇಕು. ಹೊರಗಿನವರು ಸಾವಿರ ಸಲ ಕ್ಷಮಿಸಿದರೂ ಅದು ಮೇಲಕ್ಕೆ ಮುಟ್ಟುವುದಿಲ್ಲ.

ಎಯ್ನಾರಿ ಸಿಕ್ಕಿಬಿದ್ದದ್ದು ಇಲ್ಲಿ. ಅವನು ಅನ್ಯಾಯ ಮಾಡಿದ್ದು ಸೈಮಿಗೆ. ಆ ಅನ್ಯಾಯದಿಂದಲೇ ಅವಳು ಹೊರಗಿನವಳಾಗಿ, ಅವಳ ಕ್ಷಮೆಗೆ ಬೆಲೆ ಇಲ್ಲದೆ ಹೋಗಿತ್ತು. ಒಳಗಿನವರನ್ನು ಕೇಳೋಣವೆಂದರೆ ಮಾಡಿದ್ದನ್ನು ಹೇಳಬೇಕು, ಹೇಳಿದರೆ ಅವನೂ ಹೊರಗೆ. ಮಕ್ಕಳು ದೊಡ್ಡವರಾಗಿ ಶಾಲೆ ಬಿಟ್ಟ ಮೇಲೂ ಅವನು ಹೇಳಲಿಲ್ಲ. ಕಾಲ ಬದಲಾಯಿತು, ಟಿ.ವಿ. ಬೈದವರ ಮೊಮ್ಮಕ್ಕಳ ಕೈಗೆ ಫೋನು ಬಂತು. ಹೊರಗಾದವರನ್ನು ಮತ್ತೆ ಸೇರಿಸಿಕೊಳ್ಳುತ್ತೇವೆ, ಬಂದು ಬೇಡಲಿ ಎಂದರು. ಕೆಲವರು ಹೋಗಿ ಬೇಡಿದರು. ಸೈಮಿ ಬೇಡಲಿಲ್ಲ. ಎಯ್ನಾರಿ ಆಗಲೂ ಸುಮ್ಮನಿದ್ದ. ಇದನ್ನು ಅವನು ನಿಯಮ ಎಂದು ಕರೆದುಕೊಂಡಿದ್ದ. ಹೇಡಿತನ ಎಂದು ಕರೆಯಲು ಈ ಹದಿನೇಳು ದಿನ ಬೇಕಾಯಿತು.

ಕೊನೆಯ ವಾರ ಸೈಮಿಯ ಹಾಸಿಗೆ ಕಿಟಕಿಯ ಪಕ್ಕದಲ್ಲಿತ್ತು. ಒಂದು ಮಧ್ಯಾಹ್ನ ಉಲ್ಲಾ ಔಷಧಿ ತರಲು ಹೋಗಿದ್ದಳು. ಎಯ್ನಾರಿ ಪರದೆ ಸರಿಸಿದ, ಮತ್ತೆ ಎಳೆದ, ದಿಂಬು ಎತ್ತಿ ಮತ್ತೆ ಇಟ್ಟ.

“ಎಯ್ನಾರಿ,” ಎಂದಳು ಸೈಮಿ ಕಣ್ಣು ಮುಚ್ಚಿಕೊಂಡೇ. “ಏನೋ ಕೇಳ್ಬೇಕು ಅಂತಿದೀಯಲ್ಲ, ಕೇಳಿಬಿಡು. ಇನ್ನು ತುಂಬಾ ದಿನ ಕಾಯಕ್ಕಾಗಲ್ಲ ನಂಗೆ.”

ಎಯ್ನಾರಿ ಕಿಟಕಿಯ ಬಳಿಯಿದ್ದ ಲೋಟವನ್ನು ಎತ್ತಿಕೊಂಡ.

“ನೀರು ಬೇಕಾ?” ಎಂದು ಕೇಳಿದ.

ಸೈಮಿ ನಕ್ಕಳು. ನಗಲು ಶಕ್ತಿ ಇಲ್ಲದಿದ್ದರೂ ಹೊದಿಕೆ ಅಲುಗುವಷ್ಟು ನಕ್ಕಳು. “ಕೊಡು,” ಎಂದಳು. “ನೀರೇ ಕೊಡು.” ಅವನು ಲೋಟ ಹಿಡಿದ, ಅವಳು ಎರಡು ಗುಟುಕು ಕುಡಿದಳು. ಮಾರನೆಯ ದಿನದಿಂದ ಅವಳಿಗೆ ಮಾತು ಇರಲಿಲ್ಲ.

*

ಚರ್ಚಿನಲ್ಲಿ ಬಿಳಿ ಪೆಟ್ಟಿಗೆ ನಡುವೆ ಇತ್ತು. ಎಡಗಡೆ ಮಕ್ಕಳು ಮೊಮ್ಮಕ್ಕಳು, ಬಲಗಡೆ ಪ್ರಾರ್ಥನಾ ಮನೆಯವರು. ತರುಣಿ ಪಾದ್ರಿ ಪೆಟ್ಟಿಗೆಯ ಮೇಲೆ ಮೂರು ಸಲ ಮರಳು ಹಾಕಿ ಪ್ರಾರ್ಥಿಸಿದಳು, ಹಾಡು ಮುಗಿಯಿತು, ಅವಳು ಎಯ್ನಾರಿಯ ಕಡೆ ತಲೆಯಾಡಿಸಿದಳು.

ಅವನು ಎದ್ದು ಪೆಟ್ಟಿಗೆಯ ಬಳಿಗೆ ಹೋದ. ಹೂವಿಟ್ಟ. ಕನ್ನಡಕ ಹಾಕಿಕೊಂಡ. ಕಾರ್ಡಿನ ಮೊದಲ ಪದ ಬಾಯಿಗೆ ಬಂದೇ ಬಂತು, ಮೂರು ಸಾಲು ಓದಿ ಕೂತುಬಿಡುವುದು ಎಷ್ಟು ಸುಲಭವಾಗಿತ್ತು. ಅವನು ಕಾರ್ಡನ್ನು ಮಡಚಿ ಜೇಬಿಗಿಟ್ಟ.

“ನಾನೊಂದು ವಿಷಯ ಹೇಳ್ಬೇಕು,” ಎಂದ. “ಪ್ರಾರ್ಥನಾ ಮನೇಲಿ ಆವತ್ತು ನನ್ನ ಕೇಳಿದ್ರಿ, ಗೊತ್ತಿತ್ತಾ ಅಂತ. ಗೊತ್ತಿರ್ಲಿಲ್ಲ ಅಂದೆ. ಸುಳ್ಳು. ಗೊತ್ತಿತ್ತು. ಆಸ್ಪತ್ರೆ ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ಇವಳಿಗಿಂತ ಮೊದ್ಲೇ ಹಾಕಿದ್ದೆ. ಇವಳು ನಂಗೆ ಮೋಸ ಮಾಡ್ಲಿಲ್ಲ. ನಾನು ಇವಳಿಗೆ ಮಾಡ್ದೆ. ಇವಳು ಹೇಳಬಹುದಿತ್ತು, ಹೇಳ್ಲಿಲ್ಲ.”

ಬಲಗಡೆ ಬೆಂಚುಗಳು ಕಿರುಗುಟ್ಟಿದವು. ಮುಂದಿನ ಸಾಲಿನಿಂದ ತೌನೋನ ದನಿ ಬಂತು. “ಎಯ್ನಾರಿ, ಕೂತ್ಕೋ. ದುಃಖದಲ್ಲಿ ಮನುಷ್ಯ ಏನೇನೋ ಮಾತಾಡ್ತಾನೆ.”

“ಆವತ್ತು ನಿಂತ್ಕೋ ಅಂದೆ. ನಿಂತು ಸುಳ್ಳು ಹೇಳ್ದೆ. ಇವತ್ತು ಕೂರಲ್ಲ.”

ತೌನೋ ಐವತ್ತು ವರ್ಷದ ಅಭ್ಯಾಸದವನು, ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಕೂತಲ್ಲಿಂದಲೇ ಕೈ ಎತ್ತಿದ. “ಆಯ್ತು, ಒಪ್ಕೊಂಡೆಯಲ್ಲ. ಹಾಗಾದ್ರೆ ನಂಬು ತಮ್ಮಾ, ಯೇಸುವಿನ ಹೆಸರಲ್ಲಿ…”

“ನಿಲ್ಸು!” ಎಯ್ನಾರಿಯ ಕೂಗು ಸೂರಿಗೆ ತಗುಲಿತು. “ನಿನ್ನನ್ನ ಕೇಳ್ಲಿಲ್ಲ ನಾನು. ಇವಳನ್ನ ಹೊರಗೆ ಹಾಕಿದ್ದು ನನ್ನ ಸುಳ್ಳು, ನಿನ್ನ ಕುರ್ಚಿ. ನೀನೂ ಕೇಳ್ಬೇಕು ಇವಳನ್ನ. ಇಲ್ಲಿಗೆ ಬಂದು.”

ತೌನೋ ಎತ್ತಿದ ಕೈ ಹಾಗೇ ಇತ್ತು. ಆಮೇಲೆ ಅದು ಚೌಕಟ್ಟಿನ ಹಿಡಿಯ ಮೇಲಿಳಿಯಿತು. ಅವನು ಏಳಲಿಲ್ಲ.

ಎಯ್ನಾರಿ ಪೆಟ್ಟಿಗೆಯ ಕಡೆ ತಿರುಗಿ ಮುಚ್ಚಳದ ಮೇಲೆ ಅಂಗೈ ಇಟ್ಟ. “ಸೈಮಿ,” ಎಂದ, “ನಂಬಲಾ? ಕ್ಷಮಿಸಿದೀಯ ಅಂತ ನಂಬಲಾ?”

ಉತ್ತರ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಕಾದ. ಪಾದ್ರಿಗೆ ಯಾವ ಪುಟ ತೆರೆಯಬೇಕೆಂದು ತಿಳಿಯಲಿಲ್ಲ. ಯಾರೋ ಮೂಗೆಳೆದರು. ಹಗುರವಾಗುತ್ತದೆ ಎಂದುಕೊಂಡಿದ್ದ ಅವನಿಗೆ ಹಗುರವಾಗಲಿಲ್ಲ. ಭಯವಾಯಿತು, ನಾಚಿಕೆಯಾಯಿತು. ಅವಳ ಮುಖ ನೋಡಿಕೊಂಡು ಇದನ್ನೇ ಕೇಳಬಹುದಾಗಿದ್ದ ಆ ಮಧ್ಯಾಹ್ನ ನೆನಪಾಯಿತು. ತಿರುಗಿ ತನ್ನ ಜಾಗಕ್ಕೆ ಬಂದು ಕೂತ.

ಮುಂದೆ ಉಲ್ಲಾಳ ಸರದಿ. ಅವಳು ಹೂವಿಟ್ಟಳು, ಕಾರ್ಡು ಓದಲಿಲ್ಲ, ಅಪ್ಪನನ್ನು ನೋಡಲಿಲ್ಲ. ಅವಳ ಮುಖ ಸುಣ್ಣವಾಗಿತ್ತು. ಗಂಡುಮಕ್ಕಳು ಓದಿದರು, ಮೊಮ್ಮಕ್ಕಳು ಓದಿದರು. ಪ್ರಾರ್ಥನಾ ಮನೆಯವರ ಸರದಿ ಬಂದಾಗ ಯಾರೂ ಏಳಲಿಲ್ಲ. ಎಲ್ಲರೂ ತೌನೋನ ಬೆನ್ನು ನೋಡುತ್ತಿದ್ದರು.

ಲೈನಾ ಎದ್ದಳು. ಗೂನು ಬೆನ್ನಿನಲ್ಲಿ ಬೆಂಚಿನಿಂದ ಬೆಂಚಿಗೆ ಕೈಯೂರುತ್ತಾ ನಡೆದು ಪೆಟ್ಟಿಗೆಯ ಬಳಿ ನಿಂತಳು. ಅವಳಿಗೆ ಬಗ್ಗಬೇಕಾದ ಅಗತ್ಯವೇ ಇರಲಿಲ್ಲ, ಮುಖ ಮುಚ್ಚಳದ ಸಮಕ್ಕೇ ಇತ್ತು.

“ದೇವರ ಶಾಂತಿ, ಸೈಮಿ,” ಎಂದಳು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ಗೊಳೋ ಎಂದು ಅತ್ತಳು. “ದಿನಾ ಎದುರು ಸಿಕ್ತಿದ್ಯಲ್ಲೇ, ಪಾಪಿ ನಾನು, ಒಂದು ದಿನವಾದ್ರೂ ಅನ್ಬಾರ್ದಿತ್ತಾ!”

ಅವಳ ಹಿಂದೆ ಇನ್ನೂ ಐದಾರು ಮಂದಿ ಎದ್ದರು. ಉಳಿದವರು ಏಳಲಿಲ್ಲ.

*

ಗುಂಡಿಗೆ ಇಳಿಸಿ, ಗಂಡುಮಕ್ಕಳು ಮಣ್ಣು ಮುಚ್ಚಿದರು. ಹೆಪ್ಪುಗಟ್ಟಿದ ಹೆಂಟೆಗಳು ಮುಚ್ಚಳದ ಮೇಲೆ ಬಿದ್ದಾಗ ಬಾಗಿಲು ಬಡಿದಂತೆ ಸದ್ದಾಯಿತು. ಜನ ಸಾಲ್ಮನ್ ಸೂಪು ಕಾಯುತ್ತಿದ್ದ ಸಭಾಭವನದ ಕಡೆ ಹೊರಟರು. ತೌನೋನ ಮಗ ಎಯ್ನಾರಿಯ ಎದುರು ಅರೆಕ್ಷಣ ನಿಂತ. ಬೆಳಿಗ್ಗೆ ಫೋನಿನಲ್ಲಿ ದೇವರ ಶಾಂತಿ ಎಂದಿದ್ದವನು ಈಗ ಟೋಪಿ ಮುಟ್ಟಿ, “ನಮಸ್ಕಾರ,” ಎಂದ.

“ನಮಸ್ಕಾರ,” ಎಂದ ಎಯ್ನಾರಿ. ಆ ಪದ ಎದೆಗೆ ಹೇಗೆ ತಾಗುತ್ತದೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಇದನ್ನೇ ಅವಳು ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಗೇಟಿನಲ್ಲಿ ಕೇಳಿಸಿಕೊಂಡು, ಬನ್ನಿಗೆ ಹಿಟ್ಟು ಕಲಸಿದ್ದಳು.

ಗಂಡುಮಕ್ಕಳೂ ಗುದ್ದಲಿ ಹೊತ್ತು ಅವನನ್ನು ದಾಟಿ ಹೋದರು. ಉಲ್ಲಾ ಒಬ್ಬಳು ಉಳಿದಳು.

“ನಂಗೆ ಹದಿನಾರು ವರ್ಷ ಆಗ,” ಎಂದಳು ಗೋರಿಯ ಕಡೆ ನೋಡುತ್ತಾ. “ಅಮ್ಮನ ಮುಖಕ್ಕೇ ಹೇಳಿದ್ದೆ, ಅಪ್ಪನಿಗೆ ಮೋಸ ಮಾಡಿದವಳು ನೀನು, ನಿನ್ನ ಕಂಡ್ರೆ ಅಸಹ್ಯ ಅಂತ. ಅವಳು ಸೂಪ್ ಕಲಕ್ತಿದ್ಲು. ‘ಉಪ್ಪು ಸರಿಯಿದೆಯಾ ನೋಡು’ ಅಂದ್ಲು. ಅಷ್ಟೇ. ನೀನು ಪಕ್ಕದ ಕೋಣೇಲಿ ಪೇಪರ್ ಓದ್ತಿದ್ದೆ.”

“ಓದ್ತಿರ್ಲಿಲ್ಲ,” ಎಂದ ಎಯ್ನಾರಿ. “ಹಿಡ್ಕೊಂಡಿದ್ದೆ.”

“ಕೇಳಿಸ್ತಾ?”

“ಕೇಳಿಸ್ತು.”

ಉಲ್ಲಾ ಮೂಗು ಒರೆಸಿಕೊಂಡಳು. “ಅಮ್ಮ ನಿನ್ನ ಕ್ಷಮಿಸಿರ್ಬೋದು. ಅವಳು ಹಾಗೇ. ನಾನು ಕ್ಷಮಿಸಲ್ಲ ಅಪ್ಪಾ. ಇವತ್ತಂತೂ ಇಲ್ಲ. ನನ್ನ ಕೇಳ್ಬೇಡ.”

“ಕೇಳಲ್ಲ.”

ಅವಳು ತಿರುಗಿ ಹೊರಟಳು. ಗೋರಿಗಳ ನಡುವಿನ ದಾರಿ ಇಳಿಜಾರಾಗಿತ್ತು, ಬಿಸಿಲಿಗೆ ಕರಗಿದ ನೀರು ಮಂಜುಗಡ್ಡೆಯ ಮೇಲೆ ಹರಡಿ ನುಣ್ಣಗೆ ಹೊಳೆಯುತ್ತಿತ್ತು. ಎಯ್ನಾರಿ ಒಂದು ಹೆಜ್ಜೆ ಇಟ್ಟ. ಬೂಟು ಜಾರಿತು. ಪಕ್ಕದ ಕಲ್ಲನ್ನು ಹಿಡಿದುಕೊಂಡು ನಿಂತ. ಇನ್ನೊಂದು ಹೆಜ್ಜೆ ಇಡಲು ಧೈರ್ಯವಾಗಲಿಲ್ಲ, ಕೂಗಲು ಬಾಯಿ ಬರಲಿಲ್ಲ.

ಹತ್ತು ಮಾರು ಮುಂದೆ ಉಲ್ಲಾಳ ಹೆಜ್ಜೆಯ ಸದ್ದು ನಿಂತಿತು. ಅವಳು ತಿರುಗಿ ನೋಡಲಿಲ್ಲ. ಬೆನ್ನು ಹಾಕಿಕೊಂಡೇ, ಎರಡು ಕೈಯನ್ನೂ ಕೋಟಿನ ಜೇಬಿನಲ್ಲಿಟ್ಟುಕೊಂಡೇ, ಬಲಮೊಣಕೈಯನ್ನು ಮೈಯಿಂದ ಸ್ವಲ್ಪ ಹೊರಕ್ಕೆ ಚಾಚಿ ನಿಂತಳು. ಅವನು ಕಲ್ಲಿಂದ ಕಲ್ಲಿಗೆ ಕೈ ಬದಲಿಸುತ್ತಾ, ಒಂದೊಂದೇ ಗೇಣು ಜರುಗುತ್ತಾ ಅಲ್ಲಿಗೆ ಮುಟ್ಟುವ ತನಕ ಆ ಮೊಣಕೈ ಹಾಗೇ ಇತ್ತು.